ಕ್ಷೌರಕತ್ತಿ ಹಿಡಿಯಲು ಕಲಿಯುವವರಿಗೆ: ಮೊದಲ ಮೂರು ತಿಂಗಳ ದಾರಿ

ಕ್ಷೌರಕತ್ತಿಯಿಂದ, ಅಂದರೆ ಬ್ಲೇಡ್ ಬದಲಾಯಿಸುವ ಅಗತ್ಯವಿಲ್ಲದೆ ಮಸೆದು ಮಸೆದು ಬಳಸುವ ಹಳೆಯ ಮಾದರಿಯ ಮಡಚುಕತ್ತಿಯಿಂದ, ಮನೆಯಲ್ಲಿ ತಾವೇ ಗಡ್ಡ ತೆಗೆದುಕೊಳ್ಳಲು ಕಲಿಯಬಹುದೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಯಾವ ಕತ್ತಿ ಕೊಳ್ಳಬೇಕು, ಮುಖ ಕೊಯ್ದುಕೊಳ್ಳುವ ಅಪಾಯ ಎಷ್ಟು, ಹೊಸದಾಗಿ ಕೊಂಡ ಕತ್ತಿ ಕೂದಲನ್ನು ಕತ್ತರಿಸದೆ ಎಳೆಯುವುದು ಏಕೆ ಎಂಬ ಮೂರು ಪ್ರಶ್ನೆಗಳೇ ಅವುಗಳಲ್ಲಿ ಹೆಚ್ಚು. ಮೂರಕ್ಕೂ ಉತ್ತರ ಸಿಗುವುದು ಒಂದೇ ಕಡೆ, ಕತ್ತಿಯ ಹರಿತದಲ್ಲಿ. ಕತ್ತಿ ಮೊಂಡಾಗಿದ್ದರೆ ಕೈ ತಾನಾಗಿ ಒತ್ತುತ್ತದೆ. ಒತ್ತಿದಾಗಲೇ ಚರ್ಮ ಕೊಯ್ಯುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕತ್ತಿಯನ್ನು ಕೆನ್ನೆಗೆ ತಾಗಿಸುವ ಮಾತು ಬರುವ ಹೊತ್ತಿಗೆ ಅರ್ಧ ದಾರಿ ಕಳೆದಿರುತ್ತದೆ, ಮತ್ತು ನಿಮ್ಮ ಕಲಿಕೆಯೂ ಅದೇ ಕ್ರಮದಲ್ಲಿ ಸಾಗಬೇಕೆಂಬುದು ನನ್ನ ಒತ್ತಾಯ. ಗಡಿಬಿಡಿಯಿಲ್ಲದೆ ಅಭ್ಯಾಸ ಮಾಡಿದವರಿಗೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೈಯ ಅಂಜಿಕೆ ಬಿಡುತ್ತದೆ, ಮೂರು ತಿಂಗಳಲ್ಲಿ ಇಡೀ ಮುಖ ನುಣುಪಾಗಿ ಬರುತ್ತದೆ.

ಎಲ್ಲರೂ ಇದನ್ನು ಕಲಿಯಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುತ್ತಿರುವವರು, ಕೈ ನಡುಗುವವರು, ಗಾಯ ಮಾಗಿದ ಜಾಗದಲ್ಲಿ ಚರ್ಮ ಗಂಟುಗಟ್ಟುವವರು ಈ ಕತ್ತಿಯಿಂದ ದೂರವಿರುವುದು ಲೇಸು. ಮಧುಮೇಹವಿರುವವರು ಮೊದಲು ವೈದ್ಯರನ್ನು ಕೇಳಬೇಕು. ಮುಖದಲ್ಲಿ ಕೀವು ತುಂಬಿದ ಮೊಡವೆಗಳಿದ್ದರೆ ಅವು ವಾಸಿಯಾಗುವವರೆಗೆ ಕಾಯಬೇಕು.

ಕತ್ತಿಯ ಅಂಗಗಳು

ಮುಂದಿನ ವಿವರಣೆ ಸ್ಪಷ್ಟವಾಗಲು ಕೆಲವು ಹೆಸರುಗಳನ್ನು ಇಲ್ಲೇ ಗೊತ್ತುಮಾಡಿಕೊಳ್ಳೋಣ. ಕೂದಲನ್ನು ಕತ್ತರಿಸುವ ತೆಳು ಅಂಚನ್ನು ಬಾಯಿ ಎಂದೂ, ಅದಕ್ಕೆ ಎದುರಾಗಿರುವ ದಪ್ಪ ಭಾಗವನ್ನು ಬೆನ್ನು ಎಂದೂ ಕರೆಯುತ್ತೇನೆ. ಅಲಗಿನ ಹೊರತುದಿಯು ಮೂಗು, ಹಿಡಿಯ ಕಡೆಗಿರುವ ಒಳತುದಿಯು ಹಿಮ್ಮಡಿ. ಹಿಮ್ಮಡಿಯಿಂದ ಕೀಲಿನವರೆಗಿನ ಸಣ್ಣ ಭಾಗ ಕುತ್ತಿಗೆ. ಕೀಲಿನ ಆಚೆಗೆ ಬಾಗಿ ನಿಂತಿರುವುದು ಬಾಲ. ಅಲಗನ್ನು ಮಡಚಿ ಒಳಗಿಡುವ ಎರಡು ಪಟ್ಟಿಗಳೇ ಹಿಡಿ.

ಹಿಡಿ ಎಂಬ ಹೆಸರಿದ್ದರೂ ಕ್ಷೌರ ಮಾಡುವಾಗ ಬೆರಳುಗಳು ಕೂರುವುದು ಕುತ್ತಿಗೆಯ ಮೇಲೆ ಎಂಬುದನ್ನು ಈಗಲೇ ನೆನಪಿಟ್ಟುಕೊಳ್ಳಿ.

ಯಾವ ಕತ್ತಿ ಕೊಳ್ಳಬೇಕು

ಕತ್ತಿಯ ಅಗಲವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಅಳೆಯುವ ರೂಢಿಯಿದೆ. ಹೊಸಬರಿಗೆ 5/8, ಅಂದರೆ ಸುಮಾರು 16 ಮಿಲಿಮೀಟರ್, ಅಥವಾ 6/8, ಅಂದರೆ ಸುಮಾರು 19 ಮಿಲಿಮೀಟರ್ ಅಗಲದ ಅಲಗು ಸೂಕ್ತ. ಮೂಗು ದುಂಡಗಿರಲಿ. ಚೂಪು ಮೂಲೆಯುಳ್ಳ ಚೌಕ ಮೂಗಿನ ಕತ್ತಿ ಮೀಸೆಯ ಅಂಚು ತಿದ್ದಲು ಅನುಕೂಲವೆಂಬುದು ನಿಜ, ಆದರೆ ಮೊದಲ ತಿಂಗಳಿನ ಗಾಯಗಳಲ್ಲಿ ಹೆಚ್ಚಿನವು ಆ ಮೂಲೆಯಿಂದಲೇ ಆಗುತ್ತವೆ. ಅಲಗಿನ ಎರಡೂ ಬದಿಯನ್ನು ಒಳಕ್ಕೆ ಗುಳಿಯಾಗುವಂತೆ ಸವೆಸಿರುವುದನ್ನು ನೀವು ಗಮನಿಸಬಹುದು. ಗುಳಿ ಆಳವಾದಷ್ಟೂ ಅಲಗು ತೆಳುವಾಗಿ ಬಳುಕುತ್ತದೆ, ಕಡಿಮೆಯಾದಷ್ಟೂ ಬಿಗಿಯಾಗಿ ನಿಲ್ಲುತ್ತದೆ. ಎರಡರ ನಡುವಿನದು ಕಲಿಯುವವರಿಗೆ ಒಳ್ಳೆಯದು.

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಫ್ರಾನ್ಸಿನ ಟಿಯೇರ್ ಈ ಕತ್ತಿಗಳಿಗೆ ಹೆಸರಾದ ಊರುಗಳು. ಶೆಫೀಲ್ಡಿನ ಹಳೆಯ ಕತ್ತಿಗಳು ಈಗಲೂ ಕೈಬದಲಾಗುತ್ತ ಮಾರಾಟವಾಗುತ್ತವೆ. ಸೋಲಿಂಗನ್ ಮತ್ತು ಟಿಯೇರ್‌ಗಳಲ್ಲಿ ಹೊಸವನ್ನು ಇಂದಿಗೂ ತಯಾರಿಸುತ್ತಾರೆ. ಈ ಚರಿತ್ರೆಯಲ್ಲಿ ನಮ್ಮ ನೆಲದ ಪಾಲೂ ಇದೆ. ದಕ್ಷಿಣ ಭಾರತದಲ್ಲಿ, ಹಳೆಯ ಮೈಸೂರು ಸೀಮೆಯಲ್ಲೂ, ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ವೂಟ್ಜ್ ಉಕ್ಕನ್ನು ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಜೊತೆಗೂಡಿ 1820ರ ಸುಮಾರಿಗೆ ಪರೀಕ್ಷಿಸಿದ್ದ. ವೂಟ್ಜ್ ಎಂಬ ಹೆಸರು ಉಕ್ಕು ಎಂಬ ನಮ್ಮ ಮಾತಿನಿಂದಲೇ ಬಂದಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ.

ಕೊಳ್ಳುವಾಗ ಎರಡು ಎಚ್ಚರಿಕೆಗಳು ಅಗತ್ಯ. ಅಂತರ್ಜಾಲದ ಅಂಗಡಿಗಳಲ್ಲಿ ಅತಿ ಕಡಿಮೆ ಬೆಲೆಗೆ ಸಿಗುವ, ಕೆತ್ತನೆಯ ಅಲಂಕಾರವುಳ್ಳ ಕತ್ತಿಗಳಲ್ಲಿ ಎಷ್ಟೋ ಬರೀ ಕತ್ತಿಯ ಆಕಾರದವು. ಉಕ್ಕನ್ನು ಸರಿಯಾಗಿ ಹದಗೊಳಿಸಿರದ ಕಾರಣ ಅವು ಎಷ್ಟು ಮಸೆದರೂ ಹರಿತ ಹಿಡಿಯುವುದಿಲ್ಲ. ಎರಡನೆಯದು, ಒಳ್ಳೆಯ ತಯಾರಕರ ಕತ್ತಿಯೂ ಕಾರ್ಖಾನೆಯಿಂದ ಬಂದಂತೆಯೇ ಕ್ಷೌರಕ್ಕೆ ಸಿದ್ಧವಾಗಿರುತ್ತದೆ ಎಂದುಕೊಳ್ಳಬೇಡಿ. ಶೇವ್ ರೆಡಿ, ಅಂದರೆ ನುರಿತವರು ಕೈಯಿಂದ ಮಸೆದು ಮುಗಿಸಿದ್ದು, ಎಂದು ಮಾರುವವರು ಖಚಿತಪಡಿಸಿದರೆ ಮಾತ್ರ ಕೊಳ್ಳಿ. ಯಾರೋ ಬಳಸಿದ ಹಳೆಯ ಕತ್ತಿಯಾದರೆ ಬಾಯಿಯಲ್ಲಿ ಹಲ್ಲು ಬಿದ್ದಿಲ್ಲವೇ, ಬಾಯಿಯ ಸಮೀಪ ತುಕ್ಕಿನ ಗುಳಿಗಳಿಲ್ಲವೇ ಎಂದು ನೋಡಿ, ಮೊದಲ ಬಳಕೆಗೆ ಮುನ್ನ ಚೆನ್ನಾಗಿ ತೊಳೆದು, ಕ್ರಿಮಿನಾಶಕದಿಂದ ಶುದ್ಧಗೊಳಿಸಿ.

ಸಲೂನುಗಳಲ್ಲಿ ಈಗ ಕಾಣುವುದು ಈ ಕತ್ತಿಯಲ್ಲ. ಅದು ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಹಿಡಿಕೆ. ರಕ್ತದ ಮೂಲಕ ಹರಡುವ ಎಚ್‌ಐವಿ, ಹೆಪಟೈಟಿಸ್ ಬಿ ಮುಂತಾದ ಸೋಂಕುಗಳನ್ನು ತಡೆಯಲು ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಹಾಕಬೇಕಾದ ಕಡೆ ಅದೇ ಸರಿಯಾದ ಸಾಧನ. ಅಗ್ಗವೆಂಬ ಕಾರಣಕ್ಕೆ ಅದರಿಂದಲೇ ಕಲಿಕೆ ಆರಂಭಿಸುವುದಾಗಿ ಹಲವರು ಬರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸುಲಭದ ದಾರಿಯಲ್ಲ: ತೂಕ ಕಡಿಮೆ, ಬ್ಲೇಡಿನ ಮೂಲೆಗಳು ಚೂಪು, ಕೋನ ತುಸು ತಪ್ಪಿದರೂ ಅದು ಕ್ಷಮಿಸುವುದಿಲ್ಲ. ಅದರ ಒಂದೇ ಅನುಕೂಲವೆಂದರೆ ಹರಿತ ಕಾಯ್ದುಕೊಳ್ಳುವ ಕೆಲಸವಿಲ್ಲ, ಆದರೆ ಆ ಕೆಲಸವನ್ನೇ ನಾವು ಕಲಿಯಬೇಕಾಗಿರುವುದು.

ಕತ್ತಿಯ ಜೊತೆಗೆ ಬೇಕಾದವು ಕೆಲವೇ: ಸುಮಾರು ಮೂರು ಇಂಚು ಅಗಲದ, ಒಂದು ಕಡೆ ಚರ್ಮ ಇನ್ನೊಂದು ಕಡೆ ದಪ್ಪ ಬಟ್ಟೆಯಿರುವ ತೂಗುಪಟ್ಟಿ, ಶೇವಿಂಗ್ ಸೋಪು ಅಥವಾ ಕ್ರೀಮು, ಬ್ರಶ್ಶು, ಪಟಿಕದ ಕಲ್ಲು, ಮತ್ತು ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಸಣ್ಣ ಸೀಸೆ. ಡಬ್ಬಿಯಿಂದ ಒತ್ತಿದಾಗ ಬರುವ ಸಿದ್ಧ ನೊರೆ ಬೇಡ. ಅದರಲ್ಲಿ ಜಾರುವ ಗುಣ ಸಾಲದು.

ಹಂತ 1: ತೆರೆಯುವುದು, ಮಡಚುವುದು, ಇಡುವುದು

ಮೊದಲ ಎರಡು ದಿನ ಒಣಗಿದ ಕೈಯಲ್ಲಿ ಕತ್ತಿಯನ್ನು ತೆರೆದು ಮಡಚುವುದನ್ನಷ್ಟೇ ಮಾಡಿ. ಮಡಚುವಾಗ ಬಾಯಿ ಹಿಡಿಯ ಪಕ್ಕಕ್ಕೆ ತಾಗದೆ ನಡುವೆ ಇಳಿಯಬೇಕು, ತಾಗಿದರೆ ಬಾಯಿಗೆ ಹಲ್ಲು ಬೀಳುತ್ತದೆ. ತೆರೆದ ಕತ್ತಿಯನ್ನು ಎಲ್ಲಿಯೂ ಕೆಳಗಿಡುವುದಿಲ್ಲ ಎಂಬ ನಿಯಮವನ್ನು ಇಂದೇ ರೂಢಿಸಿಕೊಳ್ಳಿ. ಕೈಜಾರಿದರೆ ಹಿಡಿಯಲು ಹೋಗಬಾರದು, ಬೀಳಲು ಬಿಟ್ಟು ಕಾಲು ಹಿಂದೆ ತೆಗೆದುಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಬಾಗಿಲು ಹಾಕಿಕೊಂಡೇ ಕ್ಷೌರ ಮಾಡಿ; ಯಾರಾದರೂ ಕರೆದರೆ ಕತ್ತಿಯನ್ನು ಮುಖದಿಂದ ತೆಗೆದ ನಂತರವೇ ಉತ್ತರಿಸಿ.

ಹಂತ 2: ಚರ್ಮದ ಪಟ್ಟಿಗೆ ತೀಡುವುದು

ಇಡೀ ವಿದ್ಯೆಯ ಹೃದಯ ಇದು. ಒಂದು ಕ್ಷೌರ ಮುಗಿಯುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಾಯಿಯು ಅಲ್ಲಲ್ಲಿ ಬಾಗಿರುತ್ತದೆ, ತೇವದಿಂದ ಸೂಕ್ಷ್ಮವಾಗಿ ಕಿಲುಬು ಹತ್ತಲೂ ತೊಡಗಿರುತ್ತದೆ. ಪಟ್ಟಿಗೆ ತೀಡಿದಾಗ ಆ ಬಾಗು ನೇರವಾಗುತ್ತದೆ, ಅಂಚು ಶುಚಿಯಾಗುತ್ತದೆ. ಸಾಣೆಕಲ್ಲಿನಲ್ಲಿ ಮಸೆಯುವಾಗ ಲೋಹ ಗಣನೀಯವಾಗಿ ಸವೆಯುತ್ತದೆ, ತೀಡುವಾಗ ಹಾಗಾಗುವುದಿಲ್ಲ. ಈ ಕಾರಣದಿಂದಲೇ ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು, ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಮುನ್ನ ಆಗಲೇಬೇಕು.

ಪಟ್ಟಿಯನ್ನು ಗಟ್ಟಿಯಾದ ಕೊಕ್ಕೆಗೆ ಸಿಕ್ಕಿಸಿ, ಸೊಂಟದ ಮಟ್ಟದಲ್ಲಿ ಜೋತುಬೀಳದಂತೆ ಎಳೆದು ಹಿಡಿಯಿರಿ. ಕತ್ತಿಯ ಕುತ್ತಿಗೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಬೆನ್ನು ಮತ್ತು ಬಾಯಿ ಎರಡೂ ಪಟ್ಟಿಗೆ ತಾಗುವಂತೆ ಅಲಗನ್ನು ಚಪ್ಪಟೆಯಾಗಿ ಮಲಗಿಸಿ. ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಅಲಗನ್ನು ಪಟ್ಟಿಯ ತುದಿಯವರೆಗೆ ಒಯ್ಯಿರಿ. ತುದಿ ಮುಟ್ಟಿದಾಗ ಬೆನ್ನನ್ನು ಪಟ್ಟಿಯಿಂದ ಎತ್ತದೆ, ಬೆನ್ನಿನ ಮೇಲೆಯೇ ಕತ್ತಿಯನ್ನು ಹೊರಳಿಸಿ, ಇನ್ನೊಂದು ಮಗ್ಗುಲನ್ನು ಮಲಗಿಸಿ, ಮತ್ತೆ ಬೆನ್ನು ಮುಂದಾಗಿ ಹಿಂದಕ್ಕೆ ತನ್ನಿ. ಹೋಗಿ ಬಂದರೆ ಒಂದು ಸುತ್ತು. ಹೊರಳಿಸುವುದು ಮಣಿಕಟ್ಟಿನಿಂದಲ್ಲ, ಬೆರಳುಗಳ ನಡುವೆ ಪೆನ್ಸಿಲನ್ನು ಉರುಳಿಸಿದಂತೆ. ಮೊದಲು ಬಟ್ಟೆಯ ಮೇಲೆ 20ರಿಂದ 30 ಸುತ್ತು, ಅನಂತರ ಚರ್ಮದ ಮೇಲೆ 50 ಸುತ್ತು ಸಾಕು.

ತಪ್ಪುಗಳು ಇಲ್ಲಿ ಮೂರು ಬಗೆಯವು. ಬೆನ್ನಿಗೆ ಬದಲು ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಕೊಯ್ದುಹೋಗುತ್ತದೆ, ಕತ್ತಿಯೂ ಕೆಡುತ್ತದೆ. ನಾನು ಕೊಂಡ ಮೊದಲ ಪಟ್ಟಿ ಮೂರನೆಯ ದಿನವೇ ಹೀಗೆ ಹಾಳಾಯಿತು. ಪಟ್ಟಿ ಸಡಿಲವಾಗಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅಂಚನ್ನು ದುಂಡಗೆ ಮಾಡುತ್ತದೆ, ಆಗ ತೀಡಿದಷ್ಟೂ ಕತ್ತಿ ಮೊಂಡಾಗುತ್ತ ಹೋಗುತ್ತದೆ. ವೇಗವನ್ನು ಬಯಸುವುದು ಮೂರನೆಯ ತಪ್ಪು. ಆದ್ದರಿಂದ ತೀಡಲು ಕಲಿಯುವ ಮೊದಲ ನಾಲ್ಕೈದು ದಿನ ಪಟ್ಟಿಗೆ ಕತ್ತಿಯನ್ನು ತಾಗಿಸದೆ, ಬೆಣ್ಣೆ ಸವರುವ ಮೊಂಡು ಚಾಕುವಿನಿಂದ ಈ ಹೊರಳಿಕೆಯನ್ನು ನಿಧಾನವಾಗಿ ಅಭ್ಯಾಸ ಮಾಡಿ. ಕೈಗೆ ಲಯ ಬಂದ ಮೇಲೆ ವೇಗ ಕೇಳದೆಯೇ ಬರುತ್ತದೆ.

ಹರಿತವನ್ನು ಪರೀಕ್ಷಿಸಲು ಹೆಬ್ಬೆರಳನ್ನು ಬಾಯಿಯ ಉದ್ದಕ್ಕೆ ಎಳೆಯುವ ಅಭ್ಯಾಸ ಅಪಾಯಕಾರಿ. ಮುಂಗೈಯ ಕೂದಲಿನ ಮೇಲೆ, ಚರ್ಮಕ್ಕೆ ತಾಗದಷ್ಟು ಎತ್ತರದಲ್ಲಿ ಅಲಗನ್ನು ಮೆಲ್ಲಗೆ ಸಾಗಿಸಿದಾಗ ಕೂದಲು ತಾನಾಗಿ ತುಂಡಾಗಿ ಬಿದ್ದರೆ ಕತ್ತಿ ಸಿದ್ಧವಾಗಿದೆ ಎಂದರ್ಥ. ಹಿಮ್ಮಡಿಯಿಂದ ಮೂಗಿನವರೆಗೆ ಎಲ್ಲ ಕಡೆಯೂ ಒಂದೇ ರೀತಿ ಕತ್ತರಿಸಬೇಕು.

ಹಂತ 3: ಮುಖವನ್ನು ನೆನೆಸಿ ನೊರೆ ಹಚ್ಚುವುದು

ನೀರು ಹೀರಿದ ಕೂದಲು ಒಣ ಕೂದಲಿಗಿಂತ ಬಹಳ ಮೆದು. ಸ್ನಾನ ಮುಗಿಸಿದ ಕೂಡಲೇ ಕ್ಷೌರಕ್ಕೆ ಕೂರುವುದು ಉತ್ತಮ; ಆಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಒತ್ತಿಹಿಡಿಯಿರಿ. ನೊರೆ ಮೊಸರಿನಂತೆ ಹೊಳೆಯುತ್ತ ತೇವವಾಗಿರಬೇಕು. ಹತ್ತಿಯಂತೆ ಉಬ್ಬಿ ಒಣಗಿದ್ದರೆ ನೀರು ಸಾಲದು.

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ನೊರೆಯೇ ಏಳುವುದಿಲ್ಲ ಎಂಬ ದೂರು ಸಾಮಾನ್ಯ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ನೊರೆಯ ಬದಲು ಗಸಿಯಾಗುವುದು ಇದಕ್ಕೆ ಕಾರಣ. ಕುಡಿಯಲು ಶುದ್ಧೀಕರಿಸಿದ ನೀರಿನಿಂದ ಒಂದು ಲೋಟ ತೆಗೆದು ಬಿಸಿಮಾಡಿ ನೊರೆಗೆ ಬಳಸಿದರೆ ಈ ತೊಂದರೆ ತೀರುತ್ತದೆ.

ಹಂತ 4: ಹಿಡಿತ ಮತ್ತು ಕೋನ

ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮೇಲ್ಮುಖವಾಗಿ ನಿಲ್ಲಿಸಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಕುತ್ತಿಗೆಯ ಮೇಲ್ಭಾಗದಲ್ಲಿ ಸಾಲಾಗಿ ಕೂರಲಿ, ಹೆಬ್ಬೆರಳು ಕುತ್ತಿಗೆಯ ಕೆಳಗೆ ಆಧಾರವಾಗಿರಲಿ, ಕಿರುಬೆರಳು ಬಾಲದ ಮೇಲೆ ಒರಗಲಿ. ಹಕ್ಕಿಮರಿಯನ್ನು ಹಿಡಿದಷ್ಟು ಬಿಗಿ ಸಾಕು.

ಅಲಗನ್ನು ಮೊದಲು ಕೆನ್ನೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಬೆನ್ನನ್ನು ಮೆಲ್ಲಗೆ ಎತ್ತಿ. ಬೆನ್ನಿಗೂ ಚರ್ಮಕ್ಕೂ ನಡುವೆ ಬೆನ್ನಿನ ದಪ್ಪದಷ್ಟು ಅಥವಾ ತುಸು ಹೆಚ್ಚು ಜಾಗ ಬಂದಾಗ ಕೋನ ಸುಮಾರು 30 ಡಿಗ್ರಿ ಆಗಿರುತ್ತದೆ. ಇದಕ್ಕಿಂತ ಚಪ್ಪಟೆಯಾದರೆ ಕೂದಲು ಎಳೆಯುತ್ತದೆ, ಹೆಚ್ಚು ಎತ್ತಿದರೆ ಅಲಗು ಚರ್ಮವನ್ನು ಕೆರೆಯುತ್ತದೆ.

ಹಂತ 5: ಮೊದಲ ವಾರ, ಕೆನ್ನೆಗಳು ಮಾತ್ರ

ಮೊದಲ ದಿನವೇ ಇಡೀ ಮುಖವನ್ನು ಮುಗಿಸುವ ಹಂಬಲವನ್ನು ದಯವಿಟ್ಟು ಬಿಡಿ. ಮೊದಲ ನಾಲ್ಕೈದು ಕ್ಷೌರಗಳಲ್ಲಿ ಎರಡು ಕೆನ್ನೆಗಳ ಸಮತಟ್ಟಾದ ಭಾಗವನ್ನು ಮಾತ್ರ ಕತ್ತಿಯಿಂದ ಮಾಡಿ, ಉಳಿದದ್ದನ್ನು ನೀವು ಈವರೆಗೆ ಬಳಸುತ್ತಿದ್ದ ರೇಜರಿನಿಂದಲೇ ಮುಗಿಸಿ. ಬಲಗೆನ್ನೆಗೆ ಬಲಗೈ, ಎಡಗೆನ್ನೆಗೆ ಎಡಗೈ ಬಳಸುವುದು ಹಳಬರ ಕ್ರಮ. ಎಡಗೈ ಒಗ್ಗದಿದ್ದರೆ ಬಲಗೈಯನ್ನೇ ಮುಖದ ಮುಂದಿನಿಂದ ದಾಟಿಸಬಹುದು, ಆದರೆ ಆಗ ಕನ್ನಡಿಯಲ್ಲಿ ಅಲಗು ಮರೆಯಾಗುತ್ತದೆ. ಎಡಗೈಗೂ ಮೊದಲಿನಿಂದಲೇ ಕಲಿಸಿದವರು ಎರಡನೆಯ ತಿಂಗಳಲ್ಲಿ ಅದರ ಲಾಭ ಕಾಣುತ್ತಾರೆ.

ಖಾಲಿಯಿರುವ ಕೈಬೆರಳುಗಳಿಂದ ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಸಡಿಲ ಚರ್ಮ ಅಲಗಿನ ಮುಂದೆ ಅಲೆಯಂತೆ ಏಳುತ್ತದೆ, ಆ ಅಲೆಯೇ ಗಾಯವಾಗುತ್ತದೆ. ಬೆರಳು ಜಾರುತ್ತಿದ್ದರೆ ಒಣ ಬಟ್ಟೆಯಿಂದ ಒರೆಸಿಕೊಳ್ಳಿ. ಅನಂತರ ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಎರಡು ಮೂರು ಸೆಂಟಿಮೀಟರಿನಷ್ಟು ಉದ್ದದ ಸಣ್ಣ ಎಳೆತಗಳಲ್ಲಿ ಕತ್ತಿಯನ್ನು ಇಳಿಸಿ. ಕತ್ತಿಯ ತೂಕವೇ ಒತ್ತಡ. ನೀವು ಸೇರಿಸಬೇಕಾದದ್ದು ದಿಕ್ಕು ಮಾತ್ರ. ಕೂದಲು ಕತ್ತರಿಸುವಾಗ ಬರುವ ಸಣ್ಣ ಗರಗರ ಸದ್ದು ಕೋನ ಸರಿಯಿರುವುದರ ಗುರುತು.

ಎಲ್ಲ ನಿಯಮಗಳಿಗಿಂತ ಮುಖ್ಯವಾದ ನಿಯಮ ಇದು: ಚರ್ಮಕ್ಕೆ ತಾಗಿರುವ ಅಲಗನ್ನು ಅದರ ಉದ್ದದ ದಿಕ್ಕಿನಲ್ಲಿ, ತರಕಾರಿ ಕೊಯ್ಯುವಾಗ ಚಾಕುವನ್ನು ಎಳೆದಂತೆ, ಎಂದಿಗೂ ಸರಿಸಬಾರದು. ಬಾಯಿಗೆ ಅಡ್ಡಲಾಗಿ ಮುಂದೆ ಸಾಗುವ ಅಲಗು ಕೂದಲನ್ನು ತೆಗೆಯುತ್ತದೆ, ಪಕ್ಕಕ್ಕೆ ಸರಿದ ಅಲಗು ಚರ್ಮವನ್ನು ಸೀಳುತ್ತದೆ. ಆದ್ದರಿಂದ ಅಲಗನ್ನು ಇಡುವಾಗಲೂ ತೆಗೆಯುವಾಗಲೂ ಕೈ ನಿಶ್ಚಲವಾಗಿರಬೇಕು, ಸೀನು ಅಥವಾ ಕೆಮ್ಮು ಬರುವ ಸೂಚನೆ ಸಿಕ್ಕೊಡನೆ ಕತ್ತಿ ಮುಖದಿಂದ ದೂರವಾಗಬೇಕು.

ಕೂದಲು ಎಳೆಯುತ್ತಿದೆ ಅನ್ನಿಸಿದರೆ ಒತ್ತಬೇಡಿ. ಕ್ರಮವಾಗಿ ಕೋನ, ನೊರೆಯ ತೇವ, ಚರ್ಮದ ಬಿಗಿ ಇವನ್ನು ಪರೀಕ್ಷಿಸಿ. ಮೂರೂ ಸರಿಯಿದ್ದರೆ ಕತ್ತಿ ಮೊಂಡಾಗಿದೆ. ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ.

ಹಂತ 6: ದವಡೆ, ಕುತ್ತಿಗೆ, ಕೊನೆಗೆ ಗದ್ದ ಮತ್ತು ಮೇಲ್ದುಟಿ

ಎರಡನೆಯ ವಾರದಿಂದ ದವಡೆಯ ಅಂಚಿಗೆ ಇಳಿಯಬಹುದು. ಎಲುಬಿನ ಮೇಲೆ ನೇರವಾಗಿ ಕತ್ತಿ ಆಡಿಸುವ ಬದಲು ಅಲ್ಲಿನ ಚರ್ಮವನ್ನು ಕೆನ್ನೆಯ ಕಡೆಗೆ ಮೇಲೆಳೆದು, ಸಮತಟ್ಟಾದ ಜಾಗಕ್ಕೆ ತಂದು ಕ್ಷೌರ ಮಾಡಿ. ಕುತ್ತಿಗೆಯಲ್ಲಿ ಕೂದಲು ಬೆಳೆಯುವ ದಿಕ್ಕು ಒಬ್ಬೊಬ್ಬರಿಗೆ ಒಂದೊಂದು ರೀತಿ. ಎರಡು ದಿನದ ಗಡ್ಡವಿರುವಾಗ ಬೆರಳಾಡಿಸಿ, ಎತ್ತ ನುಣುಪು ಎತ್ತ ಒರಟು ಎಂದು ತಿಳಿದುಕೊಳ್ಳಿ. ಗಂಟಲಿನ ಮುಂದೆ ಉಬ್ಬಿರುವ ಗೋಮಾಳೆಯ ಮೇಲಿನ ಚರ್ಮವನ್ನು ಪಕ್ಕಕ್ಕೆ ಎಳೆದುಕೊಂಡರೆ ಆ ಉಬ್ಬಿನ ಮೇಲೆ ಕತ್ತಿ ಹಾಯಿಸಬೇಕಾಗುವುದೇ ಇಲ್ಲ.

ಗದ್ದದ ಕೂದಲು ಒರಟು, ತಿರುವು ಕಡಿದಾದದ್ದು. ಕೆಳದುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಂಡು, ಒಂದು ಸೆಂಟಿಮೀಟರಿನಷ್ಟು ಮಾತ್ರ ಎಳೆಯುತ್ತ ಸಾಗಿ. ಮೇಲ್ದುಟಿಗೂ ಹಾಗೆಯೇ, ಮೂಗಿನ ತುದಿಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದು. ಈ ಎರಡು ಜಾಗಗಳನ್ನು ಮೂರನೆಯ ವಾರಕ್ಕೆ ಮುನ್ನ ಮುಟ್ಟಬೇಡಿ.

ಮೊದಲ ತಿಂಗಳು ಕೂದಲಿನ ದಿಕ್ಕಿನಲ್ಲಿ ಒಂದೇ ಸಲ ಸಾಕು. ಅನಂತರ ಮತ್ತೆ ನೊರೆ ಹಚ್ಚಿ ಅಡ್ಡದಿಕ್ಕಿನಲ್ಲಿ ಎರಡನೆಯ ಸಲ ಮಾಡಬಹುದು. ಎದುರುದಿಕ್ಕಿನ ಕ್ಷೌರ ಎಲ್ಲಕ್ಕಿಂತ ನುಣುಪು ಕೊಡುತ್ತದೆ, ಆದರೆ ಗುಂಗುರು ಗಡ್ಡದವರಿಗೆ ತೀರ ಕೆಳಗೆ ತುಂಡಾದ ಕೂದಲು ಚರ್ಮದೊಳಕ್ಕೇ ಬೆಳೆದು ಗುಳ್ಳೆಯೇಳುವ ಸಾಧ್ಯತೆ ಇರುವುದರಿಂದ ಅಂಥವರು ಅದನ್ನು ಪೂರ್ತಿ ಬಿಡುವುದೇ ಒಳಿತು.

ಹಂತ 7: ಕ್ಷೌರದ ನಂತರ

ಮುಖವನ್ನು ತಣ್ಣೀರಿನಿಂದ ತೊಳೆದು, ಪಟಿಕದ ಕಲ್ಲನ್ನು ಒದ್ದೆಮಾಡಿ ಸವರಿ. ಉರಿ ಹೆಚ್ಚಾದ ಜಾಗಗಳಲ್ಲಿ ನೀವು ಒತ್ತಿದ್ದೀರಿ ಎಂದು ತಿಳಿಯಬೇಕು. ಮರುದಿನ ಅಲ್ಲಿ ಕೈ ಹಗುರ ಮಾಡಿ. ಸಣ್ಣ ಗೀರಿಗೆ ಪಟಿಕವೇ ಸಾಕು. ಆಳವಾಗಿ ಕೊಯ್ದಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ, ಆದರೂ ರಕ್ತ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಿ. ಕತ್ತಿಯನ್ನು ಮನೆಯ ಇನ್ನೊಬ್ಬರೊಡನೆ ಹಂಚಿಕೊಳ್ಳಬಾರದು.

ಕತ್ತಿಯನ್ನು ತೊಳೆಯುವಾಗ ಅಲಗಿಗೆ ಮಾತ್ರ ನೀರು ತಾಗಲಿ. ಕೀಲಿನೊಳಗೆ ಇಳಿದ ನೀರು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಮೆತ್ತನೆ ಬಟ್ಟೆಯಿಂದ ಒರೆಸಿ, ಪಟ್ಟಿಯ ಬಟ್ಟೆಯ ಬದಿಯಲ್ಲಿ ಹತ್ತು ಸುತ್ತು ತೀಡಿ, ಯಾರ ಕೈಗೂ ಸಿಗದ ಎತ್ತರದ ಒಣ ಜಾಗದಲ್ಲಿ ಅರ್ಧ ಗಂಟೆ ತೆರೆದಿಟ್ಟು ಅನಂತರ ಮಡಚಿ. ತೆರೆದು ಕೆಳಗಿಡಬಾರದೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಈ ಕತ್ತಿಗಳ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚಿರುವುದರಿಂದ ತುಕ್ಕು ಬೇಗ ಹತ್ತುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಪ್ರತಿ ಸಲವೂ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಸವರಬೇಕು. ತೆಂಗಿನೆಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ, ಬೇಡ. ಸ್ನಾನದ ಕೋಣೆಯಲ್ಲಾಗಲಿ ಚರ್ಮದ ಚೀಲದಲ್ಲಾಗಲಿ ಕತ್ತಿಯನ್ನು ಇಡಬೇಡಿ. ವಿಮಾನ ಪ್ರಯಾಣದಲ್ಲಿ ಇದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು.

ಹಂತ 8: ಮತ್ತೆ ಮಸೆಯುವ ಕಾಲ

ಚೆನ್ನಾಗಿ ತೀಡಿದ ನಂತರವೂ ಸತತ ಎರಡು ಮೂರು ಕ್ಷೌರಗಳಲ್ಲಿ ಕೂದಲು ಎಳೆದರೆ ಕಲ್ಲಿಗೆ ಹೋಗುವ ಕಾಲ ಬಂದಿದೆ. ಬೀದಿಯಲ್ಲಿ ಚಕ್ರ ತಿರುಗಿಸುತ್ತ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವವರಿಗೆ ಕ್ಷೌರಕತ್ತಿಯನ್ನು ಕೊಡಬೇಡಿ. ಅವರ ಕೆಲಸ ಅಡುಗೆಮನೆಯ ಚಾಕುವಿಗೆ ಸರಿಯಾದದ್ದು, ಆದರೆ ಈ ತೆಳು ಬಾಯಿಯನ್ನು ಆ ಚಕ್ರ ಕ್ಷಣದಲ್ಲಿ ಕಾಯಿಸಿ ಕೆಡಿಸುತ್ತದೆ. ಮನೆಯಲ್ಲಿರುವ ಒರಟು ಕಲ್ಲೂ ಸಲ್ಲದು.

ಕ್ಷೌರಕತ್ತಿಯ ರಚನೆಯಲ್ಲಿಯೇ ಮಸೆಯುವ ಕೋನ ಅಡಗಿದೆ. ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಬಾಯಿಯ ಎರಡು ಮಗ್ಗುಲುಗಳು ಸುಮಾರು 16ರಿಂದ 17 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಮಸೆಯುವವರು ಕೋನವನ್ನು ಊಹಿಸಬೇಕಾಗಿಲ್ಲ. ಕಲ್ಲಿನ ಕಣ ಎಷ್ಟು ನಯವೆಂಬುದನ್ನು ಗ್ರಿಟ್ ಸಂಖ್ಯೆಯಿಂದ ಸೂಚಿಸುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಹಲ್ಲು ಬಿದ್ದ ಬಾಯಿಯನ್ನು ಸರಿಪಡಿಸಲು 1000, ಅನಂತರ 4000, 8000, ಕೊನೆಗೆ 12000 ಎಂಬುದು ಸಾಮಾನ್ಯ ಕ್ರಮ. ತುಸು ಮೊಂಡಾದ ಕತ್ತಿಗೆ ಕೊನೆಯ ಒಂದೆರಡು ಕಲ್ಲುಗಳೇ ಸಾಕು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗುತ್ತದೆ, ಅಂದರೆ ಪಟ್ಟಿಯ ದಿಕ್ಕಿಗೆ ತೀರ ಉಲ್ಟಾ. ಈ ವ್ಯತ್ಯಾಸ ಮರೆತು ಪಟ್ಟಿಯನ್ನು ಕೊಯ್ದವರು ಬಹಳ.

ಆದರೂ ಮೊದಲ ಆರು ತಿಂಗಳು ಕಲ್ಲನ್ನು ಕೊಳ್ಳದೆ, ಕೈಯಿಂದ ಮಸೆಯುವ ನುರಿತವರಿಗೆ ಕತ್ತಿಯನ್ನು ಕಳುಹಿಸಿ ಎಂಬುದೇ ನನ್ನ ಸಲಹೆ. ನಿಜವಾದ ಹರಿತವನ್ನು ಕೆನ್ನೆಯ ಮೇಲೆ ಹಲವು ಸಲ ಅನುಭವಿಸದವರಿಗೆ ಮಸೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಕತ್ತಿ ಮರಳಿ ಬಂದ ದಿನ ಮುಂಗೈಯ ಕೂದಲಿನ ಪರೀಕ್ಷೆ ಮಾಡಿ, ಹಿಂದಿನ ಕ್ಷೌರಕ್ಕಿಂತ ಅದು ಹೆಚ್ಚು ಹರಿತವಾಗಿರುವುದರಿಂದ ಅಂದಿನ ಮಟ್ಟಿಗೆ ಮತ್ತೆ ಕೆನ್ನೆಗಳನ್ನು ಮಾತ್ರ ಮಾಡಿಕೊಳ್ಳಿ.